ಬೀಜಗಣಿತಕ್ಕೆ ಬಿದ್ದ ಏಟು

ಆಗ ನನಗೆ ಅರವತ್ತಾರು; ಮೂರು ವರ್ಷದ ಹಿಂದಿನ ಮಾತು. ಸಂಜೆ ಜೋಳ ಹಸನು ಮಾಡುತ್ತ ಕೂತವಳು, ಪಕ್ಕದಲ್ಲಿ ಲೆಕ್ಕ ಮಾಡುತ್ತಿದ್ದ ಮೊಮ್ಮಗಳು ಸವಿತಾಳ ನೋಟ್‌ಬುಕ್ಕಿಗೆ ಸುಮ್ಮನೆ ಇಣುಕಿದೆ. ಅವಳು ನನ್ನ ಹತ್ತಿರವೇ ಇದ್ದು ಮಳಖೇಡದಲ್ಲಿ ಎಂಟನೆಯ ತರಗತಿ ಓದುತ್ತಿದ್ದಳು. ನನ್ನ ವಿದ್ಯೆಯೋ ಅಂಕಿ, ಸಹಿ, ಬಸ್ಸಿನ ಬೋರ್ಡು, ಇಷ್ಟಕ್ಕೇ ಮುಗಿದದ್ದು. ಅಂಕಿಗಳ ನಡುವೆ ಅಡ್ಡಡ್ಡ ಗೀಚಿದ್ದು ಏನೆಂದು ಕೇಳಿದೆ; ಎಕ್ಸ್ ಎಂದಳು. ಮೇಲಿನ ಲೆಕ್ಕದಲ್ಲಿ ಎಕ್ಸ್ ಅಂದರೆ ಐದು. ಕೆಳಗೆ ಅದೇ ಎಕ್ಸ್ ಹನ್ನೊಂದು.

ನಮ್ಮ ಮನೆಯ ಸೇರು ಬೆಳಿಗ್ಗೆ ಎಷ್ಟು ಜೋಳ ಹಿಡಿಯುತ್ತದೋ ಸಂಜೆಯೂ ಅಷ್ಟೇ ಹಿಡಿಯುತ್ತದೆ. ಹುಡುಗಿ ಮನಸ್ಸಿಗೆ ಬಂದದ್ದನ್ನು ಬರೆದು ಓದಿನ ನಾಟಕ ಮಾಡುತ್ತಿದ್ದಾಳೆಂದು ತಿಳಿದು, ಕೆನ್ನೆಗೆ ಬಾರಿಸಿದೆ.

“ಸುಳ್ಳು ಬರೀಲಿಕ್ಕ ಸಾಲಿಗಿ ಹೋಗೂದು ಬ್ಯಾಡ. ರೊಟ್ಟಿ ಬಡಿ.”

ಮೂರು ದಿನ ಅವಳು ರೊಟ್ಟಿ ಬಡಿದಳು, ನನ್ನೊಡನೆ ಮಾತಿಲ್ಲ. ಎರಡನೆಯ ದಿನವೇ ಮಾಸ್ತರರು, ನಾಡಿದ್ದು ಅದೇ ಪಾಠದ ಪರೀಕ್ಷೆ ಇದೆ, ಕಳಿಸಿಕೊಡಿ ಎಂದು ಹೇಳಿ ಕಳಿಸಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಟದಲ್ಲಿ ನನಗೆ ಮೊದಲಿನಿಂದಲೂ ಪೂರ್ತಿ ಅಂಕ.

ಮೂರನೆಯ ದಿನ ಇಳಿಹೊತ್ತಿಗೆ ಪಕ್ಕದ ಮನೆಯ ಈರಮ್ಮ ಬಾಗಿಲಲ್ಲಿ ನಿಂತು, “ಯಕ್ಕಾ, ನಮ್ಮ ಮನಿಯವರು ಈ ಕಡಿ ಬಂದಾರೇನು?” ಎಂದಳು. ಇಲ್ಲವ್ವ, ನಮ್ಮ ಮನೆಯವರೂ ಇನ್ನೂ ಬಂದಿಲ್ಲ ಎಂದೆ. ಈರಮ್ಮ ಹೋದಳು. ಒಲೆಯ ಮುಂದಿನಿಂದ ಸವಿತಾ ಬಾಯಿ ಬಿಟ್ಟಳು.

“ಆಯಿ, ನಿಮ್ಮಿಬ್ಬರಾಗ ಸುಳ್ಳು ಹೇಳಿದವರು ಯಾರು?”

“ಯಾಕ ಹೇಳ್ಬೇಕು ಸುಳ್ಳ?”

“ಇಬ್ಬರೂ ನಮ್ಮ ಮನಿಯವರು ಅಂದ್ರಿ. ನೀ ಅಂದ್ರ ಅಜ್ಜ, ಈರಮ್ಮ ಅಂದ್ರ ಆಕಿ ಗಂಡ. ಹೆಸರು ಯಾರೂ ಹೇಳಲಿಲ್ಲ, ಆದ್ರ ಯಾರಂತ ಇಬ್ಬರಿಗೂ ತಿಳೀತು. ಎಕ್ಸ್ ಭಿ ಹಂಗೇ. ಮನಿ ಬದಲಾದ್ರ ಮನುಷ್ಯಾ ಬದಲ.”

ಗಂಡನ ಹೆಸರು ಹೇಳಬಾರದೆಂಬ ಒಂದೇ ಕಟ್ಟಳೆಗಾಗಿ ನಲವತ್ತೆಂಟು ವರ್ಷ ನಾನು ನಿತ್ಯ ಮಾಡಿದ್ದು ಬೀಜಗಣಿತವನ್ನೇ. ಓಣಿಯ ಹೆಂಗಸರೆಲ್ಲ ಅದರಲ್ಲಿ ಪಂಡಿತರು. ಮದುವೆಯಲ್ಲಿ ಹತ್ತು ಜನ ಸೇರಿ “ನಮ್ಮ ಮನೆಯವರು, ನಮ್ಮ ಮನೆಯವರು” ಎಂದರೂ ಯಾರ ಗಂಡನೂ ಅದಲುಬದಲಾಗಿಲ್ಲ, ನೋಡಿ. ಅಂಥ ವಿದ್ಯೆ ಬಾಯಲ್ಲಿಟ್ಟುಕೊಂಡು, ಕಾಗದದ ಮೇಲೆ ಕಂಡ ಕೂಡಲೇ ಕೂಸಿಗೆ ಹೊಡೆದಿದ್ದೆ. ನಾಚಿಕೆಗಿಂತ ಗಾಬರಿಯೇ ಹೆಚ್ಚಾಯಿತು: ಗೊತ್ತಿಲ್ಲದ್ದನ್ನೆಲ್ಲ ಸುಳ್ಳೆಂದು ನಾನು ಇನ್ನೂ ಯಾರ ಯಾರ ಬಾಯಿ ಮುಚ್ಚಿಸಿದ್ದೆನೋ.

ಮರುದಿನ ಬೆಳಿಗ್ಗೆ ಸವಿತಾಳ ಚೀಲವನ್ನು ನಾನೇ ಹೆಗಲಿಗೆ ಹಾಕಿಕೊಂಡು, ಅವಳನ್ನು ಕರೆದುಕೊಂಡು ಸಾಲೆಗೆ ಹೋದೆ. ಪರೀಕ್ಷೆಗೆ ಕೂತ ಹುಡುಗರೆಲ್ಲ ತಲೆಯೆತ್ತಿ ನೋಡುತ್ತಿರುವಾಗ, ಈಕೆ ಬರೆದದ್ದು ಖರೆ, ತಪ್ಪು ತಿಳಿದು ಹೊಡೆದವಳು ನಾನು ಎಂದು ಮಾಸ್ತರರಿಗೆ ಹೇಳಿದೆ.