ಅರ್ಧ ಕಥೆ ಉಳಿಸಿದ ಡಿಸ್ಕ್ ಅಕ್ಕ

ಬೆಳಕು ಹರಿಯುವ ಹೊತ್ತಿಗೇ ಅಂಗಡಿಯ ಶಟರ್ ಮೇಲೇಳುತ್ತದೆ. ಲಾರಿಗಳ ಓಡಾಟ ಶುರುವಾದರೆ ಮೇಜು ನಡುಗುತ್ತದೆ, ಕೆಟ್ಟ ಹಾರ್ಡ್ ಡಿಸ್ಕಿನ ಸದ್ದು ಕಿವಿಗೆ ಸಿಗುವುದಿಲ್ಲ. ಬೀದಿಯವರೆಲ್ಲ ‘ಡಿಸ್ಕ್ ಅಕ್ಕ’ ಎಂದೇ ಕರೆಯುವ ಇವರ ಕೆಲಸ, ಡಿಸ್ಕ್ ಪೂರ್ತಿ ಕಣ್ಣು ಮುಚ್ಚುವ ಮೊದಲು ಅದರೊಳಗಿದ್ದುದನ್ನು ಹೊಸದಕ್ಕೆ ದಾಟಿಸುವುದು.

ಇಂದು ಎದುರಿಗಿರುವವರು ನಿವೃತ್ತ ಬಸ್ ಚಾಲಕ ಮತ್ತು ಅವರ ಹೆಂಡತಿ. ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ಬಸ್ಸುಗಳ ಹೊತ್ತು ಸಾರುತ್ತಿದ್ದ ಆ ಹೆಂಡತಿಯ ದನಿಯನ್ನು ಗಂಟಲಿನ ಶಸ್ತ್ರಚಿಕಿತ್ಸೆ ಕಿತ್ತುಕೊಂಡಿದೆ. ಅದಕ್ಕೆ ಮುನ್ನ, ಮಗಳ ಹೊಟ್ಟೆಯಲ್ಲಿರುವ ಕೂಸಿಗೆಂದು ಒಂದು ಕಥೆ ಹೇಳಿ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಕೂಸು ಅಜ್ಜಿಯ ದನಿ ಕೇಳಬೇಕೆಂದರೆ ಇದೊಂದೇ ದಾರಿ.

“ಡಿಸ್ಕ್ ಟಿಕ್ ಟಿಕ್ ಅನ್ನೋದು ಯಾವಾಗಿಂದ?” ಎನ್ನುತ್ತಾರೆ ಅಕ್ಕ.

“ತಿಂಗಳಾಯ್ತಮ್ಮ. ಕಥೆ ಇದೆಯೋ ಹೋಯ್ತೋ ಅಂತ ದಿನಾ ಬೆಳಿಗ್ಗೆ ಹಾಕಿ ಕೇಳ್ತಿದ್ದೆ.”

“ಬಸ್ಸಿನ ಇಂಜಿನ್ ಹೀಗೆ ಬಡ್ಕೊಂಡಿದ್ರೆ ಓಡಿಸ್ತಿದ್ರಾ ಅಣ್ಣ?”

“ಅಯ್ಯೋ, ಪಕ್ಕಕ್ಕೆ ಹಾಕಿ ಇಳಿದುಬಿಡ್ತಿದ್ದೆ.”

“ಮತ್ತೆ?”

ಚಾಲಕರು ತಲೆ ತಗ್ಗಿಸುತ್ತಾರೆ. ಹೆಂಡತಿ ಅವರ ಮೊಣಕೈ ತಿವಿದು ಸದ್ದಿಲ್ಲದೆ ನಗುತ್ತಾರೆ.

ಇಲ್ಲಿಗೆ ಬರುವವರೆಲ್ಲರ ತಪ್ಪು ಇದೇ: ಉಳಿದಿದೆಯೇ ಎಂದು ಮತ್ತೆ ಮತ್ತೆ ನೋಡಿ, ಉಳಿದಿದ್ದನ್ನೂ ಸವೆಸುವುದು. ಅದು ಪ್ರೀತಿಯ ತಪ್ಪು, ಕ್ಷಮಿಸಬಹುದು. ಆದರೆ ಜನರನ್ನು ನಂಬಿಸಿ ಅವರ ನೆನಪುಗಳನ್ನು ಇಡಿಸಿಕೊಂಡು, ಡಿಸ್ಕ್ ಕೆಟ್ಟ ದಿನ ಬದಲಿಗೆ ಖಾಲಿ ಡಿಸ್ಕೊಂದನ್ನು ಕೈಗಿತ್ತು, ಒಳಗಿದ್ದುದಕ್ಕೆ ಹೊಣೆಯಲ್ಲವೆಂದು ಕೈತೊಳೆದುಕೊಳ್ಳುವ ಡಿಸ್ಕ್ ಕಂಪನಿಗಳ ವ್ಯಾಪಾರವನ್ನು ಯಾವ ನ್ಯಾಯದಿಂದ ಕ್ಷಮಿಸೋಣ?

ಆ ಹೊಣೆಯನ್ನು ಹೊರುವವರು ಡಿಸ್ಕ್ ಅಕ್ಕ. ತಂದೆ ರೇಡಿಯೊ ರಿಪೇರಿ ಮಾಡುತ್ತಿದ್ದ ಮೇಜೇ ಇವರದೂ. ದಿನಕ್ಕೆ ನಾಲ್ಕೈದು ಡಿಸ್ಕ್ ಬರುತ್ತವೆ; ಒಬ್ಬಿಬ್ಬರಾದರೂ ಬರಿಗೈಯಲ್ಲಿ ಹಿಂದಿರುಗುತ್ತಾರೆ. ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿದೆ. “ಸಿಕ್ಕಿದ್ರೆ ಕಂಪ್ಯೂಟರ್ ಜಾಣ, ಸಿಗದಿದ್ರೆ ನಾನು ಪಾಪಿ,” ಎಂದು ನಗುತ್ತಾರೆ.

ತಂತಿ ಜೋಡಿಸುವ ಮುನ್ನ ಅವರು ಎಲ್ಲರನ್ನೂ ಕೇಳುವುದು ಒಂದೇ ಪ್ರಶ್ನೆ: “ಒಂದೇ ಒಂದು ಸಿಗೋದಾದ್ರೆ ಯಾವುದು ಬೇಕು?”

“ಕಥೆ,” ಎನ್ನುತ್ತಾರೆ ಚಾಲಕರು. “ಮದುವೆ ಫೋಟೊ ಹೋದ್ರೆ ಹೋಗ್ಲಿ. ಅದ್ರಲ್ಲಿ ನಾನು ಹೇಗೂ ಕಣ್ಣು ಮುಚ್ಕೊಂಡಿದೀನಿ.”

ಕಥೆ ದಾಟತೊಡಗುತ್ತದೆ. ಅಕ್ಕನ ಕಿವಿ ಡಿಸ್ಕಿನ ಮೇಲೆಯೇ. ಟಿಕ್ ಸದ್ದು ಕರಕರ ಕೆರೆತವಾಗುತ್ತದೆ, ಆಮೇಲೆ ಅದೂ ಇಲ್ಲ. ಡಿಸ್ಕಿನ ಬಿಸಿ ಆರಲು ಬಿಟ್ಟು ಮತ್ತೆ ಹಚ್ಚುತ್ತಾರೆ. ಮಿಸುಕಾಡುವುದಿಲ್ಲ. ಬಂದಷ್ಟನ್ನು ಹೊಸ ಡಿಸ್ಕಿನಿಂದ ಕೇಳಿಸುತ್ತಾರೆ.

“ಒಂದೂರಲ್ಲಿ ಒಂದು ಮುದಿ ಬಸ್ಸಿತ್ತು ಕಣೋ ಪುಟ್ಟ…”

ಬಸ್ಸು ಗುಡ್ಡದ ಬುಡದಲ್ಲಿ ಏದುಸಿರು ಬಿಡುತ್ತಾ ನಿಲ್ಲುವಲ್ಲಿಗೆ ದನಿ ಕಡಿದುಹೋಗುತ್ತದೆ.

“ಕ್ಷಮಿಸಿ ಅಣ್ಣ. ಇಷ್ಟೇ,” ಎನ್ನುತ್ತಾ ಅಕ್ಕ ತಂತಿ ಕಳಚುತ್ತಾರೆ.

ಹೆಂಡತಿ ಗಂಡನ ಎದೆಯ ಮೇಲೆ ಬೆರಳಿಡುತ್ತಾರೆ.

“ನಾನಾ? ದಿನಾ ಕೇಳಿ ಕೇಳಿ ಬಾಯಿಪಾಠ ಆಗಿದೆ, ನಿಜ. ಆದ್ರೆ ನನ್ನ ಗೊಗ್ಗರು ದನಿ ಕೇಳಿದ್ರೆ ಮಗು ಹೆದರುತ್ತೆ ಕಣೇ.”

ಬೆರಳು ಅಲುಗುವುದಿಲ್ಲ. ಡಿಸ್ಕ್ ಅಕ್ಕ ಎದ್ದು, ಲಾರಿಗಳ ಸದ್ದು ತಗ್ಗಲೆಂದು ಶಟರ್ ಇಳಿಸುತ್ತಾರೆ, ಮೈಕನ್ನು ಚಾಲಕರ ಮುಂದಿಡುತ್ತಾರೆ.

“ಗುಡ್ಡದ ಬುಡದಿಂದ ಹೇಳಿ ಅಣ್ಣ. ಈ ಸಲ ಎರಡು ಕಡೆ ಇಡ್ತೀನಿ.”