ಸೆವ್ರಿನ್ ಬಾಯಿ ಬಿಡಿಸದ ಒಂದು ಪ್ರಕರಣ

ಕೊರೊನಾ ಕಳೆದು ಜನ ಮಾಸ್ಕ್ ಬಿಟ್ಟು ಓಡಾಡತೊಡಗಿದ ವರ್ಷ. ಆಗ ನಾನು ಒಂದು ವಾರಪತ್ರಿಕೆಗೆ ಪತ್ತೇದಾರಿ ಧಾರಾವಾಹಿ ಬರೆಯುತ್ತಿದ್ದೆ. ಈಗಲೂ ಬರೆಯುತ್ತೇನೆ, ಆದರೆ ಪತ್ರಿಕೆಗಲ್ಲ, ಮೊಬೈಲಿನಲ್ಲಿ ಕತೆ ಓದಿ ಹೇಳುವ ಒಂದು ಆಪ್‌ಗೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದವಳು ಕೆಲಸ ಬಿಟ್ಟು ಕೊಲೆ ಬರೆಯಲು ಕೂತದ್ದಕ್ಕೆ ಮಂಗಳೂರಿನ ಜೆಪ್ಪುವಿನಲ್ಲಿ ನಮ್ಮವರೇ ಕೆಲವರು ನನ್ನನ್ನು ಇಂದಿಗೂ ಓರೆಗಣ್ಣಿನಿಂದ ನೋಡುತ್ತಾರೆ. ಉಳಿದವರಿಗೆ ನಾನು ಈಗಲೂ ಟೀಚರೇ.

ನನ್ನ ಪತ್ತೇದಾರಿಣಿಯ ಹೆಸರು ಸೆವ್ರಿನ್ ಬಾಯಿ. ನಿವೃತ್ತ ಹೆಡ್ ನರ್ಸ್. ಕೈಯಲ್ಲೊಂದು ಕೊಡೆ ಹಿಡಿದು ಊರ ಸುದ್ದಿ ಮಾತಾಡುವವಳಂತೆ ಮಾತಾಡಿ ಕೊಲೆಗಾರನ ಬಾಯಿ ಬಿಡಿಸುವವಳು. ಇಂಥ ಕತೆಗಳು ತಲೆಯಲ್ಲಿ ಮಿಂಚಿನಂತೆ ಹೊಳೆಯುತ್ತವೆ ಎಂದು ಓದುಗರು ತಿಳಿದಿರುತ್ತಾರೆ. ಹಾಗೇನೂ ಇಲ್ಲ. ಬೆಳಿಗ್ಗೆ ಮೀನಿನವಳು ಬರುತ್ತಾಳೆ, ಬಂಗುಡೆ ಕೊಯ್ದು ಮಸಾಲೆ ಹಚ್ಚಿಟ್ಟು, ಕೈ ತೊಳೆದು, ಊಟದ ಹೊತ್ತಿನವರೆಗೆ ಬರೆಯುತ್ತೇನೆ. ಮೊದಲು ಕೊನೆಯ ಅಧ್ಯಾಯ ಬರೆದು, ಅಲ್ಲಿಂದ ಹಿಂದಕ್ಕೆ ಬರುವುದು ನನ್ನ ಕ್ರಮ. ನಡುನಡುವೆ ರೆಡ್ ಹೆರಿಂಗ್ ಇಡಬೇಕು, ಅಂದರೆ ಓದುಗರ ದಾರಿ ತಪ್ಪಿಸಲೆಂದೇ ಇಡುವ ಸುಳ್ಳು ಸುಳಿವು. ಕತೆಯಲ್ಲಿ ಒಂದು ಚಮಚ ಬಿದ್ದರೂ ಅದು ಒಂದೋ ನಿಜವಾದ ಸುಳಿವಾಗಿರಬೇಕು, ಇಲ್ಲವೇ ಸುಳ್ಳು ಸುಳಿವಾಗಿರಬೇಕು. ಸುಮ್ಮನೆ ಬಿದ್ದ ಚಮಚಕ್ಕೆ ನಮ್ಮ ಕಸುಬಿನಲ್ಲಿ ಜಾಗವಿಲ್ಲ.

ಶಶಿಕಲಾ ಎಂಬ ಓದುಗರು ನನ್ನ ಮನೆಗೆ ಬಂದದ್ದು ಹೀಗೆ ಬರೆಯುತ್ತಿದ್ದ ಒಂದು ಬೆಳಿಗ್ಗೆ. ಉರ್ವದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಓದುಗರು ಮನೆ ಹುಡುಕಿಕೊಂಡು ಬರುವುದು ಹೊಸತಲ್ಲ. ಹೆಚ್ಚಿನವರು ತಮ್ಮ ಅತ್ತೆಯ ಮೇಲೊಂದು ಕಾದಂಬರಿ ಬರೆಯಿರಿ ಅನ್ನುತ್ತಾರೆ. ಆ ಧೈರ್ಯದಲ್ಲೇ ಕೂರಿಸಿ ಚಾ ಕೊಟ್ಟೆ. ಆಕೆ ಚಾ ಮುಟ್ಟಲಿಲ್ಲ.

"ಟೀಚರ್, ನನ್ನ ಗಂಡ ಕಾಣೆಯಾಗಿ ಎರಡು ವರ್ಷ ಆಗ್ತಾ ಬಂತು. ಸೆವ್ರಿನ್ ಬಾಯಿ ಆಗಿದ್ರೆ ಎಂತ ಮಾಡ್ತಿದ್ರು ಅಂತ ನಿಮಗೆ ಗೊತ್ತುಂಟಲ್ಲ. ಅದನ್ನು ನೀವು ನನಗೆ ಮಾಡಿಕೊಡ್ಬೇಕು."

ಆಕೆಯ ಗಂಡ ದಿನಕರ ಬೈಕಂಪಾಡಿಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಲಾಕ್‌ಡೌನ್ ಸಡಿಲವಾದ ಹೊಸದರಲ್ಲಿ ಒಂದು ಸಂಜೆ ಕೆಲಸ ಮುಗಿಸಿ ಹೊರಟವರು ಮನೆ ತಲುಪಲಿಲ್ಲ. ಸ್ಕೂಟರ್ ಉರ್ವ ಮಾರ್ಕೆಟಿನ ಬಳಿ ಬೀಗ ಹಾಕಿ ನಿಲ್ಲಿಸಿದಂತೆಯೇ ಸಿಕ್ಕಿತು. ಅಲ್ಲಿಂದ ಮನೆಗೆ ನಡೆದೇ ಹೋಗಬಹುದು. ಸಾಲವಿಲ್ಲ, ಜಗಳವಿಲ್ಲ, ಕಾಯಿಲೆಯೆಂದರೆ ಸ್ವಲ್ಪ ಬಿ.ಪಿ. ಪೊಲೀಸರು ದೂರು ಬರೆದುಕೊಂಡರು, ಆಸ್ಪತ್ರೆಗಳಲ್ಲಿ ವಿಚಾರಿಸಿದರು, ಹೊಳೆಯಲ್ಲೂ ಹುಡುಕಿದರು. ಆಮೇಲೆ ಅವರಿಗೆ ಬೇರೆ ಕೆಲಸಗಳಿದ್ದವು.

ನಾನು ಕತೆಗಾರ್ತಿ, ಪೊಲೀಸಲ್ಲ ಎಂದು ಎಷ್ಟು ಹೇಳಿದರೂ ಆಕೆ ಏಳಲಿಲ್ಲ. ಕೊನೆಗೆ, ಇಷ್ಟು ದಿನ ಕಳೆದ ಮೇಲೆ ಈಗ ಯಾಕೆ ಇಷ್ಟು ಅವಸರ ಎಂದು ಕೇಳಿದೆ.

"ಮಗಳಿಗೆ ಮದುವೆ ನಿಶ್ಚಯ ಆಗಿದೆ. ಮದುವೆ ಕಾಗದ ಅಚ್ಚಿಗೆ ಕೊಡ್ಬೇಕು. ಅಪ್ಪನ ಹೆಸರಿನ ಹಿಂದೆ ಶ್ರೀ ಹಾಕುವುದಾ, ದಿವಂಗತ ಹಾಕುವುದಾ?"

ಆ ಪ್ರಶ್ನೆಯ ಭಾರ ನಮ್ಮೂರಿನವರಿಗೆ ವಿವರಿಸಬೇಕಿಲ್ಲ. ಮದುವೆಯಲ್ಲಿ ಧಾರೆ ಎರೆಯುವುದು ಹೆತ್ತವರು. ದಿನಕರ ಇದ್ದಾರೆ ಎಂದಾದರೆ, ಎಲ್ಲಿದ್ದಾರೆ, ಮಗಳ ಧಾರೆಗೂ ಯಾಕೆ ಬರಲಿಲ್ಲ ಎಂದು ಗಂಡಿನ ಕಡೆಯವರು ಕೇಳುತ್ತಾರೆ. ಇಲ್ಲ ಎಂದಾದರೆ ಮೊದಲು ಉತ್ತರಕ್ರಿಯೆ ಆಗಬೇಕು, ಶಶಿಕಲಾ ಕರಿಮಣಿ ತೆಗೆಯಬೇಕು, ಮಗಳ ಮಂಟಪದಿಂದ ದೂರ ನಿಲ್ಲಬೇಕು. ಭಾವ, ಅಂದರೆ ದಿನಕರನ ಅಣ್ಣ, ಒಳ್ಳೆಯ ಮನುಷ್ಯ. ನೀನೇ ಹೇಳು, ನೀನು ಹೇಳಿದ ಹಾಗೆ ಮಾಡುವ ಎಂದಿದ್ದರಂತೆ. ಗಂಡ ಸತ್ತಿದ್ದಾನೆಯೇ ಬದುಕಿದ್ದಾನೆಯೇ ಎಂದು ಹೆಂಡತಿಯೇ ತೀರ್ಮಾನ ಮಾಡಬೇಕಾದ ಸ್ಥಿತಿ. ಇಷ್ಟೊಂದು ಕಾದಂಬರಿ ಬರೆದ ನನಗೆ ಇಂಥದ್ದೊಂದು ಕಷ್ಟ ಎಂದೂ ಹೊಳೆದಿರಲಿಲ್ಲ.

ಹೊರಡುವಾಗ ಆಕೆ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು. ಸ್ಕೂಟರಿನ ಕೊಕ್ಕೆಯಲ್ಲಿ ಒಂದು ಚೀಲ ತೂಗುತ್ತಿತ್ತು. ಅದರಲ್ಲಿ ಒಂದು ಕಟ್ಟು ಹರಿವೆ ಸೊಪ್ಪು, ಬಾಳೆ ಎಲೆಯಲ್ಲಿ ಸುತ್ತಿದ ಒಂದು ಚೆಂಡು ಮಲ್ಲಿಗೆ.

"ಸೊಪ್ಪು ನಾನೇ ತರ್ಲಿಕ್ಕೆ ಹೇಳಿದ್ದು. ಮಲ್ಲಿಗೆ ನಾನು ಹೇಳ್ಲಿಲ್ಲ. ಮದುವೆಯಾದ ಮೇಲೆ ಒಂದು ದಿನವೂ ಅವರು ನನಗೆ ಹೂ ತಂದವರಲ್ಲ. ಪೊಲೀಸರಿಗೆ ಇದು ಹೇಳ್ಲಿಲ್ಲ ನಾನು. ಅವರು ಎಂತ ತಿಳಿದುಕೊಳ್ತಾರೆ ಅಂತ ಗೊತ್ತಲ್ಲ."

ನಿಜ ಹೇಳುತ್ತೇನೆ, ಆ ಮಲ್ಲಿಗೆಯ ಮಾತು ಕೇಳಿದ ಕೂಡಲೇ ನನ್ನೊಳಗಿನ ಕಸುಬುದಾರಳು ಎದ್ದು ಕೂತಳು. ಗಂಡ, ಹೆಂಡತಿ, ಯಾರಿಗೆಂದು ತಿಳಿಯದ ಹೂವು. ಇದಕ್ಕಿಂತ ಒಳ್ಳೆಯ ಸುಳಿವನ್ನು ನಾನು ಕೂತು ಕಟ್ಟಿದರೂ ಕಟ್ಟಲಾರೆ. ಬರುತ್ತೇನೆ ಎಂದುಬಿಟ್ಟೆ.

ಬರೆಯುವ ಮೊದಲು ಸತ್ತವನ ಕೊನೆಯ ದಾರಿಯನ್ನು ಕಾಲ್ನಡಿಗೆಯಲ್ಲಿ ಒಮ್ಮೆ ನಡೆದು ನೋಡುವುದು ನನ್ನ ಅಭ್ಯಾಸ. ಅದೇ ರೀತಿ ಆ ವಾರ ಶಶಿಕಲಾ ಜೊತೆ ನಡೆದೆ. ಗೋದಾಮಿನ ಗೇಟಿನಲ್ಲಿ ವಾಚ್‌ಮನ್, ಆ ದಿನ ಅವರು ಎಂದಿನಂತೆ ಕೈ ಎತ್ತಿ ಹೋದರು ಎಂದ. ಮಾರ್ಕೆಟಿನಲ್ಲಿ ಸೊಪ್ಪಿನವನಿಗೆ ತನ್ನ ಖಾಯಂ ಗಿರಾಕಿಯ ನೆನಪಿತ್ತು. ಚಿಲ್ಲರೆ ಇಲ್ಲ, ನಾಳೆ ಕೊಡ್ತೇನೆ ಎಂದಿದ್ದರಂತೆ. ನಾಳೆ ಎಂದವನು ಸಾಯಲು ಹೊರಟವನಲ್ಲ ಎಂದು ಸೆವ್ರಿನ್ ಬಾಯಿ ಕೂಡಲೇ ಹೇಳಿಬಿಡುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡೆ, ಏಕೆಂದರೆ ಪಕ್ಕದಲ್ಲಿ ನಿಂತಿದ್ದ ಶಶಿಕಲಾ ಮುಖದಲ್ಲಿ ಆಗಲೇ ಆ ಆಸೆ ಮೂಡಿತ್ತು.

ಉಳಿದದ್ದು ಹೂವಿನವರು. ಅಲ್ಲಿಗೆ ಶಶಿಕಲಾ ಬರಲಿಲ್ಲ. ಎದುರಿನ ಹೋಟೆಲಿನಲ್ಲಿ ಕೂರುತ್ತೇನೆ, ನೀವೇ ಕೇಳಿ ಬನ್ನಿ ಎಂದರು. ಹೂವಿನ ಬುಟ್ಟಿಯ ಹಿಂದೆ ಕೂತಿದ್ದ ಹೆಂಗಸು ನಾನು ತೋರಿಸಿದ ಫೋಟೋವನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ಯಾರಿಗೆ ಗೊತ್ತು ಮಾರಾಯ್ತಿ! ಆಗ ಎಲ್ಲರೂ ಮಾಸ್ಕ್ ಹಾಕಿಕೊಂಡು ಬರ್ತಿದ್ದದ್ದಲ್ಲ? ನಾನು ಯಾರ ಮುಖ ನೋಡಿದ್ದೇನೆ?"

ಅಷ್ಟೇ. ಸುಳಿವು ಅಲ್ಲಿಗೆ ಮುಗಿಯಿತು. ಹೆಂಡತಿಗೆ, ಇನ್ನೊಬ್ಬಳಿಗೆ, ದೇವರ ಫೋಟೋಗೆ, ಇಲ್ಲವೇ ಹೊತ್ತು ಮುಳುಗುವ ಮೊದಲು ಮಾರಿ ಮುಗಿಸಲು ಹೂವಿನವರು ಒತ್ತಾಯ ಮಾಡಿದ್ದಕ್ಕೆ, ಯಾವುದು ಬೇಕಾದರೂ ಆಗಿರಬಹುದಿತ್ತು.

ಹೋಟೆಲಿಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಶಶಿಕಲಾ ಅಳಲಿಲ್ಲ. ಲೋಟವನ್ನು ಮೇಜಿನ ಮೇಲೆ ಅತ್ತಿತ್ತ ಸರಿಸಿ ಹೇಳಿದರು:

"ಹಾಗಾದ್ರೆ ನೀವೇ ಒಂದು ಹೇಳಿ ಟೀಚರ್. ಕತೆ ಆದ್ರೂ ಆಯ್ತು. ನಾನು ನಂಬ್ತೇನೆ."

ಇಷ್ಟು ವರ್ಷ ಇಷ್ಟೊಂದು ಜನರನ್ನು ಕೊಂದ ನನಗೆ ಒಬ್ಬರನ್ನು ಸಮಾಧಾನವಾಗಿ ಸಾಯಿಸುವುದು ಕಷ್ಟವೇ? ಹೇಳತೊಡಗಿದೆ. ಅಷ್ಟು ದಿನ ಬಾಗಿಲು ಹಾಕಿದ್ದ ಮಾರ್ಕೆಟು ತೆರೆದಿತ್ತು. ಬುಟ್ಟಿ ತುಂಬ ಮಲ್ಲಿಗೆ ಕಂಡು ಅವರಿಗೆ ಏನೋ ಖುಷಿಯಾಯಿತು. ಇಷ್ಟು ವರ್ಷದಲ್ಲಿ ಹೆಂಡತಿಗೆ ಒಮ್ಮೆಯೂ ಒಯ್ದಿಲ್ಲವಲ್ಲ ಎಂದು ನೆನಪಾಯಿತು. ಹೂ ಕೊಂಡು ಚೀಲದಲ್ಲಿಟ್ಟರು. ಆಗ ಎದೆಯಲ್ಲಿ ಹಿಡಿದ ಹಾಗಾಯಿತು, ಗಾಳಿಗೆಂದು ನಾಲ್ಕು ಹೆಜ್ಜೆ ಆಚೆ ಹೋದರು. ಹೆಚ್ಚು ನೋವಾಗಲಿಲ್ಲ.

ಚೆನ್ನಾಗಿಯೇ ಹೇಳಿದ್ದೆ. ಶಶಿಕಲಾ ಕಣ್ಣುಮುಚ್ಚಿ ಕೇಳಿದರು. ಆಮೇಲೆ ಕಣ್ಣು ತೆರೆದು ಮೆಲ್ಲಗೆ ಕೇಳಿದರು: "ಹೆಣ ಎಲ್ಲಿ ಟೀಚರ್?"

ನನ್ನ ಪ್ರತಿಯೊಂದು ಕಾದಂಬರಿಯನ್ನೂ ಓದಿದ್ದ ಹೆಂಗಸು. ಕತೆಯಲ್ಲಿ ತೂತು ಎಲ್ಲಿರುತ್ತದೆ ಎಂದು ನೋಡಲು ನಾನೇ ಕಲಿಸಿದ್ದೆ. ಆಗ ಆಕೆ ಅತ್ತರು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು. ನಾನೂ ಅತ್ತೆ. ಬಿಲ್ಲು ತಂದ ಮಾಣಿ ಅದನ್ನು ಮೇಜಿನ ಮೇಲಿಟ್ಟು ಹೋದ.

ಬಸ್ ನಿಲ್ದಾಣದಲ್ಲಿ ಶಶಿಕಲಾ ಮುಖ ಒರೆಸಿಕೊಂಡು, "ದಿವಂಗತ ಅಂತಲೇ ಹಾಕಿಸ್ತೇನೆ. ಮಗಳ ಧಾರೆಯಲ್ಲಿ ಯಾರೂ ಪಿಸುಗುಟ್ಟುವುದು ಬೇಡ" ಎಂದರು. ಹೆಣವಿಲ್ಲದೆಯೇ ಉತ್ತರಕ್ರಿಯೆ ಆಯಿತು. ಮದುವೆಯ ಕಾಗದ ನನ್ನ ಮನೆಗೂ ಬಂತು.

ಮದುವೆಗೆ ಹೋಗಿದ್ದೆ. ಭಾವ ಮತ್ತು ಅವರ ಹೆಂಡತಿ ಧಾರೆ ಎರೆದರು. ಶಶಿಕಲಾ ಕೊನೆಯ ಸಾಲಿನಲ್ಲಿ ಬರಿ ಕತ್ತಿನಲ್ಲಿ ಕೂತಿದ್ದರು. ಪಕ್ಕದಲ್ಲಿ ನಾನು. ಮಂಟಪದಲ್ಲಿ ವಾಲಗ ಜೋರಾಯಿತು, ಎಲ್ಲರೂ ಮಗಳ ಕಡೆ ನೋಡುತ್ತಿದ್ದರು. ಆಕೆ ಮಾತ್ರ ಪ್ರತಿ ಸಲ ಸಭಾಂಗಣದ ಬಾಗಿಲು ತೆರೆದಾಗಲೂ ತಿರುಗಿ ನೋಡುತ್ತಿದ್ದರು. ತಡವಾಗಿ ಬಂದ ನೆಂಟರು, ಐಸ್‌ಕ್ರೀಮ್ ಪೆಟ್ಟಿಗೆ ಹೊತ್ತು ತಂದವರು, ಯಾರೇ ಆಗಲಿ. ಸ್ವಲ್ಪ ಹೊತ್ತಿನಲ್ಲಿ ನಾನೂ ನೋಡತೊಡಗಿದೆ.

ಈಗ ನನ್ನ ಕತೆಗಳಲ್ಲಿ ಕೊಲೆಗಾರ ಸಿಕ್ಕಿಬಿದ್ದ ಮೇಲೂ ಒಂದು ಅಧ್ಯಾಯ ಇರುತ್ತದೆ. ಅದರಲ್ಲಿ ಹೋದವರ ಮನೆಯವರು ಅಕ್ಕಿ ತೊಳೆಯುತ್ತಾರೆ, ಬಟ್ಟೆ ಮಡಚುತ್ತಾರೆ, ಒಂದು ತಟ್ಟೆ ಹೆಚ್ಚಿಗೆ ಇಟ್ಟು ಮತ್ತೆ ತೆಗೆಯುತ್ತಾರೆ. ಆಪ್‌ನ ಸಂಪಾದಕ ಪ್ರತಿ ಸಲ ಫೋನ್ ಮಾಡಿ ರಗಳೆ ಮಾಡುತ್ತಾನೆ. "ಇದು ಯಾಕೆ ಮೇಡಂ? ಕತೆ ಮುಗೀತಲ್ಲ?"

"ನನಗೂ ನಿನಗೂ ಮುಗಿಯಿತು ಮಾರಾಯ," ಎನ್ನುತ್ತೇನೆ. "ಅವರಿಗೆ ಮುಗಿಯಲಿಲ್ಲ."