ಬಾಗಿಲತನಕ ಬಂದ ಕಾರು

ಶನಿವಾರ ಬೆಳಗ್ಗೆ ಯಾದಗಿರಿ ಬಿಟ್ಟಾಗ ಮೋಡ ಮುಸುಕಿತ್ತು, ಮಳೆ ಇರಲಿಲ್ಲ. ಕಾರಿನಲ್ಲಿ ನಾನು ಮತ್ತು ನನ್ನ ಹೆಂಡತಿ ಶಾರದಾ ಇಬ್ಬರೇ ಇದ್ದೆವು. ಶಹಾಪುರ, ಸುರಪುರ ದಾಟಿ ಸಂಜೆಗೆ ಆಕೆಯ ತವರೂರು ದೇವಾಪುರ ಸೇರುವುದು, ಮರುದಿನ ಎಲ್ಲರೂ ಕೂಡಿ ನಾರಾಯಣಪುರಕ್ಕೆ ಹೋಗಿ ಡ್ಯಾಮಿನ ಗೇಟು ತೆರೆದು ನೀರು ಬಿಟ್ಟಿರುವುದನ್ನು ನೋಡಿ ಬರುವುದು ಎಂದು ಮಾತಾಗಿತ್ತು. ನಡುವೆ ಶಹಾಪುರದಲ್ಲಿ ಕಾರನ್ನು ಎತ್ತರ ಮಾಡಿಸುವ ಕೆಲಸವಿತ್ತು. ನಿಜ ಹೇಳಬೇಕೆಂದರೆ ನಾನು ಹೊರಟದ್ದೇ ಆ ಕೆಲಸಕ್ಕೆ. ಡ್ಯಾಮು ಬರೀ ನೆಪ.

ನಾನು ಕೊಂಕಲ್‌ನಲ್ಲಿ ಹೈಸ್ಕೂಲ್ ಮಾಸ್ತರ. ದಿನಾ ಶಾಲೆಗೆ ಬೈಕಿನಲ್ಲಿ ಹೋಗಿಬರುತ್ತೇನೆ, ಕಾರು ನೆಂಟರ ಊರಿಗೆ ಮಾತ್ರ. ಅದನ್ನು ಹೈದರಾಬಾದಿನ ಒಬ್ಬ ಹುಡುಗನಿಂದ ಸೆಕೆಂಡ್‌ಹ್ಯಾಂಡ್ ತಂದಿದ್ದೆ. ಅವನು ಸ್ಪ್ರಿಂಗ್‌ಗಳನ್ನು ಕತ್ತರಿಸಿ ಗಾಡಿಯನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿದ್ದ. ಕೆಂಪು ಬಣ್ಣ, ತಗ್ಗಿದ ಮೈ, ನಿಂತಲ್ಲೇ ಓಡುವಂತೆ ಕಾಣುತ್ತಿತ್ತು. ನೋಡಿದ ಕೂಡಲೇ ಮನಸೋತೆ. ಆದರೆ ನಮ್ಮ ರಸ್ತೆಗಳು ಅದಕ್ಕೆ ಮನಸೋಲಲಿಲ್ಲ. ವೇಗ ತಗ್ಗಿಸಲು ಹಾಕಿದ ಹಂಪು ಬಂದಾಗಲೆಲ್ಲ ಜೊತೆಗಿದ್ದವರು ಇಳಿದು ನಡೆದು ದಾಟಬೇಕು, ನಾನು ಗಾಡಿಯನ್ನು ಓರೆ ಮಾಡಿ ಒಂದೊಂದೇ ಗಾಲಿ ಹತ್ತಿಸಬೇಕು. ಅಷ್ಟು ಮಾಡಿದರೂ ಹೊಟ್ಟೆ ಕೆರೆಯುವ ಸಪ್ಪಳ ಕೇಳುತ್ತಿತ್ತು. ಆ ಸಪ್ಪಳಕ್ಕೆ ಶಾರದಾ ಹಲ್ಲು ಕಚ್ಚುತ್ತಿದ್ದಳು.

ಇಷ್ಟನ್ನೂ ನಾನು ಸಹಿಸಿಕೊಂಡಿದ್ದೆ. ಸಹಿಸಲಾಗದೆ ಹೋದದ್ದು ವೀರೇಶನ ಗಾಡಿಯನ್ನು. ವೀರೇಶ ನನ್ನ ಷಡ್ಡಕ, ಅಂದರೆ ಶಾರದಾಳ ತಂಗಿ ಸುನಂದಾಳ ಗಂಡ. ಸುರಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವನದು ಆಳೆತ್ತರದ ಬಿಳಿ ಗಾಡಿ, ಕೆನಾಲಿನ ದಂಡೆಯಿರಲಿ, ಕೆಸರಿರಲಿ, ಸಲೀಸಾಗಿ ಹೋಗುತ್ತದೆ. ನಮ್ಮ ಅತ್ತೆ ಗೌರಮ್ಮನಿಗೆ ಇಬ್ಬರೇ ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಹಾಗಾಗಿ ಅವರನ್ನು ಎಲ್ಲಿಗಾದರೂ ಕರೆದೊಯ್ಯುವುದು ಅಳಿಯಂದಿರ ಕೆಲಸ. ಅತ್ತೆ ಮೊದಲಿನಿಂದ ನನ್ನ ಕಾರಿನ ಮುಂದಿನ ಸೀಟಿನಲ್ಲೇ ಕೂಡುತ್ತಿದ್ದರು. ಹಂಪು ಬಂದಾಗ ಉಳಿದವರೆಲ್ಲ ಇಳಿದರೂ ಅವರೊಬ್ಬರು ಇಳಿಯುತ್ತಿರಲಿಲ್ಲ. ಇದು ಹಿರಿಯ ಅಳಿಯನಿಗೆ ಸಲ್ಲುವ ಮರ್ಯಾದೆಯೆಂದು ನಾನು ಎದೆ ಉಬ್ಬಿಸಿಕೊಂಡಿದ್ದೆ.

ಕಳೆದ ದಸರೆಯಲ್ಲಿ ಆ ಮರ್ಯಾದೆ ಮಣ್ಣುಪಾಲಾಯಿತು. ದೇವಾಪುರದ ಓಣಿಯಲ್ಲಿ ಹೊಸದಾಗಿ ಪೈಪು ಹಾಕಿ ಮೇಲೆ ಮಣ್ಣು ಏರಿಸಿದ್ದರು. ಅತ್ತೆ ಒಳಗಿದ್ದಾಗಲೇ ಅದರ ಮೇಲೆ ನನ್ನ ಕಾರಿನ ಹೊಟ್ಟೆ ಕೂತುಬಿಟ್ಟಿತು. ಕೆಳಗೆ ಕಲ್ಲು ಬಡಿದು ಎಣ್ಣೆಯ ಚೇಂಬರ್ ಒಡೆದು ಎಣ್ಣೆ ಹರಿಯಿತು. ಹಿಂದೆ ಬರುತ್ತಿದ್ದ ವೀರೇಶ ಇಳಿದು ಬಂದ, ತನ್ನ ಡಿಕ್ಕಿಯಿಂದ ಗೇಣುದ್ದ ಕಾಲಿನ ಒಂದು ಮರದ ಮಣೆ ತೆಗೆದು ನೆಲಕ್ಕಿಟ್ಟ, ಅತ್ತೆಯ ಕೈಹಿಡಿದು ಅದರ ಮೇಲೆ ಹತ್ತಿಸಿ ತನ್ನ ಗಾಡಿಯಲ್ಲಿ ಕೂಡಿಸಿದ. ಇಡೀ ಓಣಿ ನೋಡಿತು. ಅವನು ಆ ಮಣೆಯನ್ನು ಯಾವಾಗಲೂ ಡಿಕ್ಕಿಯಲ್ಲಿಟ್ಟುಕೊಂಡೇ ತಿರುಗುತ್ತಾನೆ. ಮಣೆ ಬೇಕಾಗುವ ಗಾಡಿ ಅದೆಂಥ ಗಾಡಿ ಎಂದು ನಾನು ಶಾರದಾಳ ಮುಂದೆ ಎಷ್ಟೋ ಸಲ ನಕ್ಕಿದ್ದೆ. ಅಂದು ನಗು ಬರಲಿಲ್ಲ. ಮೈಯೆಲ್ಲ ಉರಿಯಿತು.

ಮೊನ್ನೆ ಅತ್ತೆ ಫೋನಿನಲ್ಲಿ ಮಗಳನ್ನು ಕೇಳಿದರಂತೆ, ‘ಮಾಸ್ತರ ಗಾಡಿ ಈ ಸಲರ ಬಾಗಲತನ ಬರ್ತದೇನವಾ?’ ಆ ಮಾತು ನನಗೆ ಚುಚ್ಚಿತು. ಬರುವುದಿಲ್ಲವೆಂದು ಗೊತ್ತಿದ್ದೂ ಕೇಳಿದ್ದಾರೆ ಎಂದೇ ತಿಳಿದೆ. ನಾರಾಯಣಪುರಕ್ಕೆ ಅತ್ತೆ ನನ್ನ ಕಾರಿನಲ್ಲೇ ಬರಬೇಕು, ವೀರೇಶ ನಮ್ಮ ಹಿಂದೆ ಬರಬೇಕು. ಅದಾಗದಿದ್ದರೆ ನನ್ನ ಹಿರಿತನಕ್ಕೆ ಏನೂ ಬೆಲೆಯಿಲ್ಲ ಎಂದು ನಿಶ್ಚಯಿಸಿಕೊಂಡೆ.

ಭೀಮೆಯ ಸೇತುವೆ ದಾಟಿ ಶಹಾಪುರ ಸೇರುವ ಹೊತ್ತಿಗೆ ಶಾರದಾ ಹಂಪುಗಳಲ್ಲಿ ಇಳಿದು ಹತ್ತಿ ಸುಸ್ತಾಗಿದ್ದಳು. ಯಾದಗಿರಿಯಿಂದ ಮೂವತ್ತೈದು ಕಿಲೋಮೀಟರಿನಷ್ಟು ದಾರಿ, ನಮಗೆ ಒಂದೂವರೆ ತಾಸು ಹಿಡಿಯಿತು. ಬಸ್ಸಿನಲ್ಲಿ ಬಂದಿದ್ದರೆ ಇಷ್ಟು ಹೊತ್ತಿಗೆ ತವರಿನಲ್ಲಿ ಚಹಾ ಕುಡಿಯುತ್ತಿದ್ದೆ ಎಂದಳು. ಬಸ್ಸಿನ ಎತ್ತರವೂ ನನ್ನನ್ನು ಹಂಗಿಸಿದಂತಾಯಿತು.

ಗ್ಯಾರೇಜಿನ ಖಾಜಾ ಮಾತಿನ ಮಲ್ಲ. ಎದುರಿಗೆ ಹೊಸ ಗ್ಯಾರೇಜಿನವನು ಗಾಡಿ ಎತ್ತುವ ಯಂತ್ರ ತಂದಿದ್ದಾನೆ, ಅದು ಇವನ ಕಣ್ಣಿಗೆ ಮುಳ್ಳಾಗಿದೆ. ‘ಮಷೀನ್ ತಂದ್ರ ಏನಾತ್ರಿ ಸರ್, ಕೈಗುಣ ಬೇಕಲ್ಲ’ ಎಂದು ಮೂರು ಸಲ ಹೇಳಿದ. ನನಗೆ ಅವನ ಮೇಲೆ ಕೂಡಲೇ ಪ್ರೀತಿ ಹುಟ್ಟಿತು. ನನ್ನ ಕಾರಿನ ಕೆಳಗೆ ತೂರಿ ಹೊರಬಂದವನು ತಲೆ ಅಲ್ಲಾಡಿಸಿದ.

‘ಸ್ಪ್ರಿಂಗ್ ಯಾರ್ ಕತ್ತರಿಸ್ಯಾರ್ರಿ ಇದನ್ನ? ಎಂಥ ದುಷ್ಮನಿ ಇತ್ತೋ ಗಾಡಿ ಮ್ಯಾಲ. ಕಂಪನಿ ಸ್ಪ್ರಿಂಗ್ ಹಾಕ್ತೀನಿ, ಶಾಕ್‌ಅಬ್ಸಾರ್ಬರ್ ಬದಲಿ ಮಾಡ್ತೀನಿ, ಚೇಂಬರ್ ಕೆಳಗ ಒಂದು ದಪ್ಪ ಕಬ್ಬಿಣದ ಪತ್ರಾ ಹೊಡೀತೀನಿ. ಬಸ್, ಮೊದಲ ಹೆಂಗಿತ್ತೋ ಹಂಗ ಆಗ್ತದ.’

‘ಮೊದಲಿನಷ್ಟು ಸಾಕಾಗೋದಿಲ್ಲ’ ಎಂದೆ. ಅಂಗಳದಲ್ಲಿ ವೀರೇಶನದೇ ತರಹದ ಒಂದು ಬಿಳಿ ಗಾಡಿ ನಿಂತಿತ್ತು. ಅದನ್ನು ತೋರಿಸಿದೆ. ‘ನೆಲಕ್ಕೂ ಹೊಟ್ಟೆಗೂ ನಡುವ ಅದಕ್ಕೆಷ್ಟು ಜಾಗ ಅದನೋ ಅದಕ್ಕಿಂತ ಕಡಿಮಿ ಇರಬಾರ್ದು.’

ಖಾಜಾ ಶಾರದಾಳ ಮುಖ ನೋಡಿದ. ಆಕೆ ಬೇರೆ ಕಡೆ ನೋಡಿದಳು. ‘ಅದರ ಮೈಕಟ್ಟು ಬ್ಯಾರೆ ಸರ್. ಸ್ಪ್ರಿಂಗ್ ಮ್ಯಾಲ ರಬ್ಬರಿನ ಸ್ಪೇಸರ್ ಇಟ್ಟು, ದಪ್ಪನ್ನ ಟೈರ್ ಹಾಕಿದ್ರ ಏರ್ತದ ಖರೆ. ಆದ್ರ ತಿರುವಿನ್ಯಾಗ ವಾಲಾಡ್ತದ. ಇಷ್ಟೆಲ್ಲಾ ಬ್ಯಾಡ ಅಂತೀನಿ ನಾ.’

‘ಎಲ್ಲಾ ಮಾಡ್ರಿ’ ಎಂದೆ.

ಸಂಜೆ ನಾಲ್ಕಕ್ಕೆ ಬನ್ನಿ ಎಂದ. ನಾವು ಖಾನಾವಳಿಯಲ್ಲಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಊಟ ಮಾಡಿದೆವು. ರೊಟ್ಟಿ ಬಿಸಿಯಾಗಿತ್ತು, ಹಿಂಡಿಯೆನ್ನುವ ಚಟ್ನಿಪುಡಿ ಬಾಯಿ ಸುಡುವಷ್ಟು ಖಾರವಿತ್ತು. ಆಮೇಲೆ ಹೊತ್ತು ಕಳೆಯಲು ಬುದ್ಧ ಮಲಗಿದಂತೆ ಕಾಣುವ ಗುಡ್ಡವನ್ನು ನೋಡುತ್ತ ಒಂದು ಬೇವಿನ ಮರದ ಕೆಳಗೆ ಕೂತೆವು. ಹಣೆ, ಮೂಗು, ಎದೆ ಎಲ್ಲವೂ ಮೋಡದ ಕೆಳಗೆ ಸ್ಪಷ್ಟವಾಗಿದ್ದವು.

‘ನೋಡ್ರಿ ಅವನ್ನ’ ಎಂದಳು ಶಾರದಾ. ‘ನೆಲಕ್ಕ ಮೈ ಹಚ್ಚಿ ಮಲಗ್ಯಾನ, ಎಷ್ಟು ಆರಾಮ ಅದಾನ.’

ನಾನು ಗಡಿಯಾರ ನೋಡಿಕೊಂಡೆ. ಆಕೆ ಬಿಡಲಿಲ್ಲ. ‘ಗಾಡಿಗೆ ಏನೂ ಆಗಿಲ್ಲ, ಕಂಪನಿ ಸ್ಪ್ರಿಂಗ್ ಹಾಕ್ಸಿದ್ರ ಮುಗೀತಿತ್ತು. ನಿಮಗ ಹೊಟ್ಟಿಕಿಚ್ಚು ಅದ, ಅಷ್ಟ.’

‘ಹೌದು, ಅದ’ ಎಂದೆ. ಹೇಳಿದ ಮೇಲೆ ಹಗುರಾಗುತ್ತದೆ ಎನ್ನುತ್ತಾರೆ. ನನಗೇನೂ ಆಗಲಿಲ್ಲ. ಡ್ಯಾಮಿನ ಮುಂದೆ ಅತ್ತೆಯನ್ನು ವೀರೇಶ ಕೈಹಿಡಿದು ಇಳಿಸುವುದೇ ಕಣ್ಣಿಗೆ ಕಟ್ಟುತ್ತಿತ್ತು.

ಗ್ಯಾರೇಜಿಗೆ ಮರಳಿದಾಗ ನನ್ನ ಕಾರಿನ ಗುರುತು ಹತ್ತಲಿಲ್ಲ. ದಪ್ಪ ಟೈರಿನ ಮೇಲೆ ತುದಿಗಾಲಲ್ಲಿ ನಿಂತಂತೆ ನಿಂತಿತ್ತು. ಮೊದಲಿನ ಚೆಂದ ಹೋಗಿತ್ತು, ನನಗೆ ಅದರ ಪರಿವೆ ಇರಲಿಲ್ಲ. ಕೆಳಗೆ ಬಗ್ಗಿ ನೋಡಿದರೆ ಆಚೆಯ ಗೋಡೆ ಕಾಣುತ್ತಿತ್ತು. ಖಾಜಾ ಎದುರಿನ ಗ್ಯಾರೇಜಿಗೆ ಕೇಳುವ ಹಾಗೆ ದೊಡ್ಡ ದನಿಯಲ್ಲಿ, ‘ತಿರುವಿನ್ಯಾಗ ನಿಧಾನ ಹೋಗ್ರಿ ಸರ್’ ಎಂದು ಕಳಿಸಿಕೊಟ್ಟ.

ಊರ ಹೊರಗೆ ಮೊದಲ ಹಂಪು ಬಂದಾಗ ಶಾರದಾ ರೂಢಿಯಂತೆ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟಳು. ‘ಕೂಡು’ ಎಂದೆ. ಕಾರು ಹತ್ತಿತು, ಇಳಿಯಿತು, ಏನೂ ಸಪ್ಪಳವಾಗಲಿಲ್ಲ. ಆಕೆಯೂ ನಕ್ಕಳು. ಹತ್ತಿಗೂಡೂರು ದಾಟಿ ಸುರಪುರದವರೆಗೆ ನಾನು ಹಂಪುಗಳನ್ನು ಹುಡುಕಿ ಹುಡುಕಿ ಹತ್ತಿಸಿದೆ. ಎರಡೂ ಬದಿಗೆ ಕೆನಾಲಿನ ನೀರು ತುಂಬಿದ ಗದ್ದೆಗಳು, ಸಸಿ ಹಚ್ಚುವ ಹೆಂಗಸರು. ತಿರುವುಗಳಲ್ಲಿ ಗಾಡಿ ತುಸು ಓಲಾಡಿತು, ಶಾರದಾ ಮೇಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸುರಪುರದಲ್ಲಿ ವೀರೇಶನ ಅಂಗಡಿಯ ಮುಂದೆ ಬೇಕೆಂದೇ ನಿಧಾನ ಮಾಡಿದೆ. ಅಂಗಡಿ ಮುಚ್ಚಿತ್ತು. ನಿರಾಸೆಯಾಯಿತು.

ದೇವಾಪುರದ ಓಣಿಯ ಪೈಪಿನ ದಿಬ್ಬವನ್ನು ಕಾರು ಅನಾಯಾಸವಾಗಿ ದಾಟಿ ಅತ್ತೆಯ ಬಾಗಿಲ ಮುಂದೆ ನಿಂತಿತು. ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಮಬ್ಬುಗತ್ತಲಲ್ಲಿ ಗಾಡಿಯ ಬೆಳಕಿಗೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ‘ಬಂತಲ್ಲವಾ ಬಾಗಲತನ! ಛಲೋ ಆತು ನೋಡ್ರಿ ಮಾಸ್ತರ. ನಾಳಿಗಿ ನಿಮ್ಮ ಗಾಡ್ಯಾಗ ಬರ್ತೀನಿ’ ಎಂದರು. ಆ ಸಂಜೆ ನನಗೆ ಎರಡು ರೊಟ್ಟಿ ಹೆಚ್ಚೇ ಹೋದವು.

ಭಾನುವಾರ ಬೆಳಗ್ಗೆ ವೀರೇಶ, ಸುನಂದಾ ಬಂದರು. ಎರಡು ಗಾಡಿಗಳೂ ಪಕ್ಕಪಕ್ಕ ನಿಂತವು. ಯಾರೂ ನೋಡದಾಗ ನಾನು ನೆಲಕ್ಕೆ ಕೈಯೂರಿ ಎರಡರ ಹೊಟ್ಟೆಯ ಕೆಳಗೂ ಇಣುಕಿದೆ. ನನ್ನದು ಒಂದು ಕೂದಲೆಳೆ ಹೆಚ್ಚೇ ಇತ್ತು. ಎದುರುಮನೆಯ ಮುದುಕ, ‘ಏನ್ ಕಳಕೊಂಡ್ರಿ?’ ಎಂದು ಕೇಳಿದ. ಏನಿಲ್ಲವೆಂದು ಮಣ್ಣು ಕೊಡವಿಕೊಂಡು ಎದ್ದೆ.

ಅತ್ತೆ ಇಳಕಲ್ ಸೀರೆಯುಟ್ಟು ಹೊರಬಂದರು. ವೀರೇಶನ ಗಾಡಿಯತ್ತ ನೋಡಲೂ ಇಲ್ಲ, ನೆಟ್ಟಗೆ ನನ್ನ ಕಾರಿಗೆ ಬಂದರು. ನಾನು ಬಾಗಿಲು ತೆರೆದು ವೀರೇಶನನ್ನೇ ನೋಡುತ್ತ ನಿಂತೆ. ಅತ್ತೆ ಯಾವಾಗಲೂ ಮಾಡುವಂತೆ ಕಾರಿಗೆ ಬೆನ್ನು ಮಾಡಿ, ಮೊದಲು ಸೀಟಿನ ಮೇಲೆ ಕೂತು ಆಮೇಲೆ ಕಾಲು ಒಳಗೆ ತೆಗೆದುಕೊಳ್ಳಲು ಹಿಂದಕ್ಕೆ ಬಾಗಿದರು. ಸೀಟು ಅವರಿಗೆ ಸಿಗಲಿಲ್ಲ. ಅದು ಎಷ್ಟೋ ಮೇಲಿತ್ತು. ತಟ್ಟನೆ ಬಾಗಿಲು ಹಿಡಿದುಕೊಂಡರು. ಮತ್ತೊಮ್ಮೆ ನೋಡಿದರು. ಮೊಣಕಾಲು ಏರಲಿಲ್ಲ.

‘ಇದೇನ್ ಮಾಡ್ಸೀರಿ ಮಾಸ್ತರ?’ ಅತ್ತೆ ಬೈಯಲಿಲ್ಲ, ಬೇಸರದಿಂದ ಕೇಳಿದರು. ‘ನಿಮ್ಮದೊಂದ ಗಾಡಿ ನೋಡ್ರಿ, ಮನಿ ಕಟ್ಟಿ ಮ್ಯಾಲ ಕುಂತಂಗ ಕುಂದ್ರಾಕ ಬರ್ತಿತ್ತು. ಈ ಮೊಣಕಾಲಿಗೆ ಅದೊಂದ ಹಿತ ಇತ್ತು. ಅದಕ್ಕ ಕೇಳೀನಿ ಬಾಗಲತನ ಬರ್ತದೇನಂತ.’

ನಾನು ಹಿರಿಯ ಅಳಿಯನ ಮರ್ಯಾದೆ ಎಂದು ತಿಳಿದದ್ದು ತಗ್ಗಿನ ಸೀಟಿನ ಮರ್ಯಾದೆಯಾಗಿತ್ತು. ಅದನ್ನು ನಾನೇ ಖರ್ಚು ಮಾಡಿ ಮೇಲೆ ಎತ್ತಿಸಿದ್ದೆ.

ವೀರೇಶ ಸುಮ್ಮನೆ ಹೋಗಿ ತನ್ನ ಡಿಕ್ಕಿಯಿಂದ ಮಣೆ ತಂದು ನನ್ನ ಕಾರಿನ ಬಾಗಿಲ ಕೆಳಗೆ ಇಟ್ಟ. ಅತ್ತೆ ಒಂದು ಕೈ ಅವನಿಗೆ, ಒಂದು ಕೈ ನನಗೆ ಕೊಟ್ಟು ಹತ್ತಿದರು. ಮಾತು ಕೊಟ್ಟೀನಿ, ಹೋಗುವಾಗ ಇದರಲ್ಲೇ ಎಂದರು. ಹುಣಸಗಿಯ ದಾರಿಯಲ್ಲಿ ಪ್ರತಿ ತಿರುವಿಗೂ ಗಾಡಿ ವಾಲಿದಾಗ ಅತ್ತೆ ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತಿದ್ದರು. ಒಂದು ಹಂಪೂ ನಮಗೆ ತಾಗಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ನಾರಾಯಣಪುರದಲ್ಲಿ ಜನವೋ ಜನ. ಗೇಟುಗಳಿಂದ ಕೃಷ್ಣೆ ಕೆಂಪಗೆ, ನೊರೆಯಾಗಿ ಬೀಳುತ್ತಿತ್ತು, ತುಂತುರು ಮುಖಕ್ಕೆ ಬಡಿಯುತ್ತಿತ್ತು. ಹತ್ತಿರ ಬಿಡಲಿಲ್ಲ, ದೂರದಿಂದಲೇ ನೋಡಿದೆವು. ಅತ್ತೆ ಸೆರಗು ತಲೆಗೆ ಹೊದ್ದು ಕೈಮುಗಿದರು. ತಳ್ಳುಗಾಡಿಯ ಮುಂದೆ ಮಂಡಕ್ಕಿಯ ಮಂಡಾಳ ಒಗ್ಗರಣಿ, ಮಿರ್ಚಿ ಭಜಿ ತಿನ್ನುವಾಗ ವೀರೇಶ ನನ್ನ ಪಕ್ಕಕ್ಕೆ ಬಂದ.

‘ಅಣ್ಣಾರ, ಒಂದು ಮಾತು. ಅತ್ತಿ ಯಾವಾಗೂ ನಿಮ್ಮ ಗಾಡೀನ ಹೊಗಳ್ತಿದ್ರು. ನನಗ ಭಾಳ ಸಂಕಟ ಆಗ್ತಿತ್ತು. ಅದಕ್ಕ ಮೊನ್ನೆ ನನ್ನ ಗಾಡಿಗೆ ಕಬ್ಬಿಣದ ಮೆಟ್ಲ ಹಾಕ್ಸೀನಿ. ಬರ್ರಿ, ತೋರಿಸ್ತೀನಿ.’

ತೋರಿಸಿದ. ಬಾಗಿಲ ಕೆಳಗೆ ಅಗಲವಾದ, ತಗ್ಗಾದ ಮೆಟ್ಟಿಲು, ಮೇಲೆ ಜಾರದ ರಬ್ಬರು. ಬೆಳಗ್ಗೆ ನಾನು ಇಣುಕಿದ್ದು ಆಚೆ ಬದಿಯಿಂದ, ಇದು ಕಂಡಿರಲಿಲ್ಲ. ಚೆನ್ನಾಗಿತ್ತು. ಇಷ್ಟು ದಿನ ಅವನೂ ನನ್ನನ್ನು ಕಂಡು ಕರುಬುತ್ತಿದ್ದ. ಆ ಸುಖ ನನಗೆ ಗೊತ್ತಾದದ್ದು ಅದು ಮುಗಿದ ಮೇಲೆ. ಅತ್ತೆ ಬಂದು ಮೆಟ್ಟಿಲ ಮೇಲೆ ಕಾಲಿಟ್ಟು ನೋಡಿ, ‘ತಿರುಗಿ ಹೋಗೋವಾಗ ವೀರೇಶಪ್ಪನ ಗಾಡ್ಯಾಗ ಬರ್ತೀನಿ’ ಎಂದು ಯಾರ ಕೈಯೂ ಹಿಡಿಯದೆ ಹತ್ತಿ ಕೂತರು.

ವೀರೇಶ ಮಣೆಯನ್ನು ತಂದು ನನ್ನ ಡಿಕ್ಕಿಯಲ್ಲಿಟ್ಟ. ‘ನನಗಿನ್ನ ಇದು ಬೇಕಾಗಲ್ಲ, ನೀವ ಇಟ್ಕೊಳ್ರಿ’ ಎಂದ. ಅವನ ಮುಖದಲ್ಲಿ ಕುಹಕ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ದೇವಾಪುರದವರೆಗೆ ಬಿಳಿ ಗಾಡಿಯ ಹಿಂದೆ ಬಂದೆ. ಅತ್ತೆಗೆ ನಮಸ್ಕಾರ ಮಾಡಿ, ಬಿಸಿಲು ಇಳಿಯುವ ಮೊದಲೇ ನಾವಿಬ್ಬರು ಯಾದಗಿರಿಯತ್ತ ಹೊರಟೆವು. ಶಹಾಪುರದಲ್ಲಿ ಖಾಜಾ ಗ್ಯಾರೇಜಿನ ಮುಂದೆ ನಿಂತು ಕೈ ಎತ್ತಿದ. ನಾನು ನಿಲ್ಲಿಸಲಿಲ್ಲ. ಊರು ದಾಟಿದ ಮೇಲೆ ಒಂದು ಹಂಪು ಬಂತು. ಕಾರು ಮೆತ್ತಗೆ ಹತ್ತಿ ಇಳಿಯಿತು, ಹೊಟ್ಟೆ ಎಲ್ಲೂ ತಾಗಲಿಲ್ಲ. ಆದರೆ ಹಿಂದಿನಿಂದ ಟಕ್ಕೆಂದು ಸಪ್ಪಳವಾಯಿತು.

‘ಏನದು?’ ಎಂದು ಶಾರದಾ ತಿರುಗಿ ನೋಡಿದಳು.

‘ಮಣಿ’ ಎಂದೆ.

ಆಕೆ ಕಿಟಕಿಯ ಕಡೆ ಮುಖ ಮಾಡಿಕೊಂಡಳು. ಭುಜ ಅಲುಗುತ್ತಿತ್ತು, ನಗುತ್ತಿದ್ದಳೆಂದು ಕಾಣುತ್ತದೆ. ಯಾದಗಿರಿ ಬರುವವರೆಗೂ ಆ ಮಣೆ ಒಂದು ಹಂಪನ್ನೂ ಬಿಡದೆ ಬಡಿಯಿತು.